ಬಾಲ್ಕನಿಯಲ್ಲಿಟ್ಟ ಬೀಗರ ಮಾತು

ಆ ಜನವರಿಯಲ್ಲಿ ಗಣಿ ಊರಾದ ಕರಗಂಡದ ಚಳಿ ಎಂಥದ್ದೆಂದರೆ, ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಆಡಿದ ಮಾತು ಅಲ್ಲೇ ಹೆಪ್ಪುಗಟ್ಟಿ, ಮಧ್ಯಾಹ್ನ ಬಿಸಿಲು ಬಂದ ಮೇಲೆ ಕೇಳಿಸುತ್ತಿತ್ತು. ಅಂಥ ಚಳಿಯಲ್ಲಿ ಒರಾಜಾಲಿಯ ಹಾವು ಊಟ ಬಿಟ್ಟು ಕೂತಿತ್ತು.

ಗಣಿಯ ಲಿಫ್ಟ್ ನಡೆಸಿ ನಿವೃತ್ತನಾದವನು ಒರಾಜಾಲಿ. ಹಾವು ಆಫ್ರಿಕಾದ ಹೆಬ್ಬಾವಿನ ಜಾತಿ. ಹೆಸರು ಬೆಲ್ಬೆವು, ಅಂದರೆ ಸೊಂಟಪಟ್ಟಿ. ಅವನು ನೆರೆಯವರಿಗೆ ಹೇಳುವ ಪ್ರಕಾರ ಅದು ಐದನೇ ಮಹಡಿಯಿಂದ ಇಳಿಬಿಟ್ಟರೆ ನೆಲ ಮುಟ್ಟುವಷ್ಟು ಉದ್ದ. ಹೆಂಡತಿ ಕುಲ್ಜಿರಾ ಅಳೆದ ಪ್ರಕಾರ ಅವಳ ಶಾಲಿಗಿಂತ ಒಂದು ಗೇಣು ಕಮ್ಮಿ. ಎಪ್ಪತ್ತು ದಿನದಿಂದ ಅದು ಇಲಿಯನ್ನು ತಿರುಗಿಯೂ ನೋಡಿರಲಿಲ್ಲ. ಆ ಕೊರಗಿಗೆ ಒರಾಜಾಲಿಗೂ ಚಹಾ ಸೇರದಾಯಿತು. ದಿನಕ್ಕೆ ನಲವತ್ತು ಬಟ್ಟಲು ಕುಡಿಯುವವನು ಮೂವತ್ತೆಂಟಕ್ಕೇ ನಿಲ್ಲಿಸುತ್ತಿದ್ದ.

ಪೇಟೆಯ ಪ್ರಾಣಿವೈದ್ಯೆ ರೌಶನ್ ಹಾವನ್ನು ತಿರುವಿ ಮುರುವಿ ನೋಡಿದಳು. ಇದಕ್ಕೆ ಶಾಖ ಸಾಲದು, ಪೆಟ್ಟಿಗೆಯ ಒಂದು ಮೂಲೆಯಲ್ಲಾದರೂ ಮೂವತ್ತೆರಡು ಡಿಗ್ರಿ ಇರಬೇಕು, ತಣ್ಣಗಾದರೆ ಕೈಬಿಟ್ಟು ಹೋಗುತ್ತದೆ ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುದ್ದಿ ಬೀಗರಿಗೆ ತಲುಪಿತು. ಮಗಳ ಮಾವ ಮೈಲಿಬಾಯ್ ನಲವತ್ತು ವರ್ಷ ಹುಲ್ಲುಗಾವಲಿನ ಕುದುರೆಗಳಿಗೆ ಮದ್ದು ಮಾಡಿದವರು. ಅವರು ಮುಟ್ಟಿದರೆ ಸತ್ತ ಕುದುರೆಯೂ ಎದ್ದು ಮೇಯುತ್ತಿತ್ತೆಂದು ಜನ ಹೇಳುತ್ತಾರೆ. ಜನರಿಗೆ ಹಾಗೆಂದು ಹೇಳಿದವರೂ ಅವರೇ. ಅವರು ಫೋನಿನಲ್ಲೇ ತೀರ್ಪು ಕೊಟ್ಟರು: ಚಳಿಗಾಲದಲ್ಲಿ ನಮ್ಮ ಹಾವುಗಳೆಲ್ಲ ಮಲಗುತ್ತವೆ, ಇದಕ್ಕೂ ನಿದ್ದೆ ಬೇಕು. ಉಣ್ಣೆಯ ಕಂಬಳಿ ಸುತ್ತಿ ಬಾಲ್ಕನಿಯಲ್ಲಿಡಿ, ವಸಂತದವರೆಗೆ ಮುಟ್ಟಬೇಡಿ.

ಡಾಕ್ಟರ ಮಾತು ಮೀರಿದರೆ ಹಾವು ಹೋಗುತ್ತದೆ. ಬೀಗರ ಮಾತು ಮೀರಿದರೆ ಮಗಳು ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಒರಾಜಾಲಿ ಎರಡು ದಿನ ಯೋಚಿಸಿ, ಬೆಲ್ಬೆವುವನ್ನು ಮಂಚದಡಿ ದೀಪದ ಶಾಖಕ್ಕಿಟ್ಟ. ಬಾಲ್ಕನಿಯಲ್ಲಿ ಇನ್ನೊಂದು ಪೆಟ್ಟಿಗೆಗೆ ಚೆಂದವಾಗಿ ಕಂಬಳಿ ಸುತ್ತಿದ. ಅದರೊಳಗೆ ಏನೂ ಇರಲಿಲ್ಲ.

ಭಾನುವಾರ ಕುದುರೆ ಮಾಂಸದೂಟಕ್ಕೆ ಬೀಗರು ಬಂದರು. ಕರೆಗಂಟೆ ಕೇಳಿದಾಗ ಹಾವಿಗೆ ನೀರಿಡುತ್ತಿದ್ದ ಒರಾಜಾಲಿ ಗಾಬರಿಯಲ್ಲಿ ಮುಚ್ಚಳ ಸರಿಯಾಗಿ ಹಾಕದೆ ಓಡಿದ. ಮೈಲಿಬಾಯ್ ಬಾಗಿಲ ಬಳಿ ಮನೆಗೆ ಶಾಖ ಕೊಡುವ ಬಿಸಿನೀರ ಕೊಳವೆಯ ಮೇಲೆ ನರಿಚರ್ಮದ ಟೋಪಿ ಇಟ್ಟು, ಸೀದಾ ಬಾಲ್ಕನಿಗೆ ನಡೆದರು. ಕಂಬಳಿಗೆ ಕಿವಿಯಿಟ್ಟು ಕೇಳಿದರು.

“ಎಂಥಾ ನಿದ್ದೆ ನೋಡಿ ಬೀಗರೇ. ಉಸಿರೂ ಕೇಳಿಸ್ತಿಲ್ಲ.”

ಕುಲ್ಜಿರಾ ಸೆರಗಿಲ್ಲದ್ದಕ್ಕೆ ಶಾಲನ್ನೇ ಬಾಯಿಗೆ ತುರುಕಿಕೊಂಡು ಅಡುಗೆಮನೆ ಸೇರಿದಳು.

ಕುರಿಯ ತಲೆಯನ್ನು ಬೀಗರ ಮುಂದಿಟ್ಟು ಮರ್ಯಾದೆ ಮಾಡಿದ್ದಾಯಿತು, ಒಂದು ಕುದುರೆಯಲ್ಲಿ ಗೊರಸು ಬಿಟ್ಟು ಮಿಕ್ಕಿದ್ದೆಲ್ಲ ಖಾಲಿಯಾಯಿತು. ಹೊರಡುವಾಗ ಮೈಲಿಬಾಯ್ ಟೋಪಿಗೆ ಕೈ ಹಾಕಿದರು. ಟೋಪಿಯೊಳಗೆ ಬೆಲ್ಬೆವು ಸುರುಳಿ ಸುತ್ತಿಕೊಂಡು ಕೂತಿತ್ತು.

ಮನೆಹೊಕ್ಕ ಹಾವನ್ನು ಅಲ್ಲಿಯವರು ಹೊಡೆಯುವುದಿಲ್ಲ. ತಲೆಗೆ ಹಾಲು ಹನಿಸಿ, ದಾರಿ ತೋರಿಸಿ ಬೀಳ್ಕೊಡುತ್ತಾರೆ. ಮೈಲಿಬಾಯ್‌ಗೆ ಅದು ರಕ್ತದಲ್ಲೇ ಇದ್ದದ್ದು. ಯಾವ ಹಾವೆಂದು ಕೇಳದೆ ಹಾಲು ತರಿಸಿದರು, ಎರಡು ಹನಿ ಹಾಕಿದರು, ಮೆಟ್ಟಿಲ ಕಡೆಯ ಬಾಗಿಲು ತೆರೆದರು. ಕೆಳಗಿನ ಒಡೆದ ಕಿಟಕಿಯಿಂದ ಮೈನಸ್ ಮೂವತ್ತೆಂಟರ ಗಾಳಿ ನುಗ್ಗಿತು. ಒರಾಜಾಲಿ ಈಗ ಬಾಯಿ ಬಿಟ್ಟರೆ ಸುಳ್ಳು ಬಯಲಾಗುತ್ತದೆ, ಬಿಡದಿದ್ದರೆ ಹಾವು ಹೋಗುತ್ತದೆ.

“ಬೀಗರೇ, ಬಾಗಿಲು ಹಾಕಿ. ಅದು ನಮ್ಮ ಮನೆಯದೇ,” ಎಂದ.

ಮೈಲಿಬಾಯ್ ಹಾವನ್ನು ನೋಡಿದರು. ಅದು ಗಾಳಿಗೆ ಮುದುಡಿ, ನರಿಚರ್ಮದೊಳಗೆ ತಲೆ ಹುದುಗಿಸುತ್ತಿತ್ತು. ನಲವತ್ತು ವರ್ಷ ಮೂಕಪ್ರಾಣಿಗಳನ್ನು ನೋಡಿದ ಕಣ್ಣು ಅವರದು. ತಾವೇ ಬಾಗಿಲು ಮುಚ್ಚಿದರು.

“ಹಾಗಾದ್ರೆ ಬಾಲ್ಕನೀಲಿ ಮಲಗಿರೋದು ಯಾರು?”

ಒರಾಜಾಲಿ ನೆಲ ನೋಡಿದ. “ನಿಮ್ಮ ಮಾತು, ಬೀಗರೇ. ಕೆಳಗೆ ಹಾಕೋಕೆ ಮನಸ್ಸು ಬರಲಿಲ್ಲ. ಕಂಬಳಿ ಸುತ್ತಿ ಇಟ್ಟಿದ್ದೀನಿ.”

ಮೈಲಿಬಾಯ್ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ. ಆ ನಗುವಿಗೆ ಒಂಬತ್ತು ಮಹಡಿಯ ಮಂಜೂ ಉದುರಿತು. ಟೋಪಿ ಹಾವಿಗೇ ಇರಲಿ, ಬೀಗರ ಕಡೆಯ ಉಡುಗೊರೆ ಎಂದು ಹೇಳಿ, ಒರಾಜಾಲಿಯ ಹಳೇ ಟೋಪಿ ಹಾಕಿಕೊಂಡು ಹೋದರು.

ಮೂರನೇ ದಿನ ಬೆಲ್ಬೆವು ಇಲಿ ನುಂಗಿತು. ದೀಪದ ಶಾಖದಿಂದ ಎಂದಳು ರೌಶನ್. ತಮ್ಮ ಟೋಪಿಯಿಂದ ಎಂದು ಮೈಲಿಬಾಯ್ ಇಡೀ ಜಿಲ್ಲೆಗೆ ಹೇಳಿದರು. ಒರಾಜಾಲಿ ಇಬ್ಬರಿಗೂ ತಲೆಯಾಡಿಸಿ ನಲವತ್ತನೇ ಬಟ್ಟಲು ಮುಗಿಸಿದ. ಬಾಲ್ಕನಿಯ ಪೆಟ್ಟಿಗೆಯನ್ನಂತೂ, ಬೀಗರು ಹೇಳಿದ್ದಂತೆ, ವಸಂತದವರೆಗೆ ಯಾರೂ ಮುಟ್ಟಲಿಲ್ಲ.