ಕೆಂಪು ಇಳಿಯುವ ತನಕ

ಕಂಪ್ಲಿಯ ಅಕ್ಕಿ ಗಿರಣಿಯ ಜಡೆಪ್ಪನ ಹೆಂಡತಿ ನೀಲಗಂಗಮ್ಮನ ಕೈ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಬೆಳಗೆದ್ದರೆ ಬೆರಳು ಮರಗಟ್ಟಿ ಅಂಗೈ ಬಿಚ್ಚಲು ಬಾರದು. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಆ ಮನೆಯಲ್ಲಿ ಯಾರೂ ಗುಟುಕು ನೀರು ಕುಡಿಯುವಂತಿಲ್ಲ. ಹಾಗಾಗಿ ಕೈ ಸಡಿಲಾಗುವ ತನಕ, ಪಾಪ, ಉಪವಾಸ. ಸಂಜೆಗೆ ನೋಡಿದರೆ ಅದೇ ಕೈ ಪಟಪಟನೆ ರೊಟ್ಟಿ ಬಡಿಯುತ್ತಿತ್ತು. ನೋಡಿದವರಾದರೂ ಹೇಗೆ ನಂಬಬೇಕು?

"ಸಂಜಿಗೆ ವಾಸಿಯಾಗೋ ಬ್ಯಾನಿ ಎಂಥದ್ದವಾ? ಮೈಗಳ್ಳತನ," ಎಂದು ಅತ್ತೆ ಎರ್ರಮ್ಮ ಗಿರಣಿಗೆ ಬಂದವರ ಮುಂದೆಯೂ ಅಂದಿದ್ದಳು. ಕೇಳಿ ಕೇಳಿ ನೀಲಗಂಗಮ್ಮನಿಗೇ ತನ್ನ ಮೇಲೆ ಗುಮಾನಿ ಹುಟ್ಟಿತ್ತು.

ಕೊನೆಗೆ ಜಡೆಪ್ಪ ಬಂಡಿ ಕಟ್ಟಿ ಹೆಂಡತಿ, ತಾಯಿ ಇಬ್ಬರನ್ನೂ ಹೊಸಪೇಟೆಗೆ ಕರೆತಂದ. ಮದರಾಸಿನಲ್ಲಿ ಓದಿ ಬಂದಿದ್ದ ಡಾಕ್ಟರ್ ಅಂಜಿನಯ್ಯ ಊದಿದ ಗೆಣ್ಣುಗಳನ್ನು ಒತ್ತಿ ನೋಡಿದರು. ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಸಣ್ಣ ಗಾಜಿನ ಕೊಳವೆಗೆ ಏರಿಸಿ ನೆಟ್ಟಗೆ ನಿಲ್ಲಿಸಿದರು.

"ಒಂದು ತಾಸು ನೋಡೋಣು. ಕೀಲಿನಾಗ ಉರಿ, ಬಾವು ಇದ್ರ ಕೆಂಪು ಜಲ್ದಿ ಕೆಳಗ ಇಳೀತೈತಿ. ಇದೊಂದರಿಂದ ಹೇಳಾಕ ಬರಂಗಿಲ್ಲ. ಕೈನೂ ನೋಡೀನಲ್ಲ, ಎರಡೂ ಕೂಡಿದ್ರ ಗೊತ್ತಾಗತೈತಿ."

ಜಡೆಪ್ಪ ಎತ್ತುಗಳಿಗೆ ನೀರು ಕುಡಿಸಲು ಹೋದ. ಅತ್ತೆ ಸೊಸೆ ಬೆಂಚಿನ ಮೇಲೆ ಕೂತರು. ಇಳಿ, ಇಳಿ ಎಂದು ನೀಲಗಂಗಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ರೋಗವೇ ಇರಲೆಂದು ಬೇಡುವ ಹುಚ್ಚಿ ಊರಿಗೆಲ್ಲ ಇವಳೊಬ್ಬಳೇ ಇರಬೇಕು. ಆದರೆ ಸುಳ್ಳಿ ಅನ್ನಿಸಿಕೊಂಡು ಬಾಳುವುದಕ್ಕಿಂತ ಅದೇ ಮೇಲು ಅನ್ನಿಸಿತ್ತು. ಪಕ್ಕದಲ್ಲಿ ಎರ್ರಮ್ಮ ಕೊಳವೆಯಿಂದ ಕಣ್ಣು ಕೀಳದೆ ಗೊಣಗುತ್ತಿದ್ದಳು: "ಇಳೀಬ್ಯಾಡಪಾ, ವಿರುಪಾಕ್ಷ, ಇಳೀಬ್ಯಾಡ."

ನೀಲಗಂಗಮ್ಮ ತನ್ನನ್ನು ಸುಳ್ಳಿ ಮಾಡಲು ಮುದುಕಿ ದೇವರನ್ನೂ ಬಿಡಲಿಲ್ಲವಲ್ಲ ಎಂದು ಮುಖ ತಿರುಗಿಸಿದಳು.

ಕೆಂಪು ಇಳಿಯಿತು. ಅರ್ಧಕ್ಕೂ ಕೆಳಗೆ ಹೋಗಿ, ಮೇಲೆ ತಿಳಿ ಹಳದಿ ನೀರಷ್ಟೇ ಉಳಿಯಿತು.

"ಸಂಧಿವಾತನ ಐತಿ," ಎಂದರು ಡಾಕ್ಟರು. "ಮುಂಜಾನಿ ಬಿಗಿದು ಸಂಜಿಗೆ ಸಡಿಲಾಗೋದ ಈ ಬ್ಯಾನಿ ಗುಣ. ನೋವು ಕಮ್ಮಿ ಮಾಡಬಹುದು. ಪೂರ್ತಿ ಹೋಗತೈತಿ ಅಂತ ಹೇಳಾಂಗಿಲ್ಲ."

ನೀಲಗಂಗಮ್ಮ ಗೆದ್ದವಳಂತೆ ತಿರುಗಿದಳು. "ಈಗರ ನಂಬತೀರೇನ್ರಿ ಅತ್ತಿ? ಇಳೀಬ್ಯಾಡ ಅಂತ ದೇವರಿಗೆ ಬ್ಯಾರೆ ಹೇಳಿದ್ರಿ."

ಎರ್ರಮ್ಮ ಸೊಸೆಯ ಬಾತ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸೆರಗು ಮುಚ್ಚಿದಳು.

"ನಂಬಾಕ ಅಂಜಿಕಿ ಆಗಿತ್ತವಾ," ಎಂದಳು. "ನೀ ಮೈಗಳ್ಳಿ ಆಗಿದ್ರ, ಸಾಯೋತನ ನಿನ್ನ ಬೈಕೋತ ಸುಖದಿಂದ ಇರ್ತಿದ್ದೆ."