ಹೂಂ ಅನ್ನುವವರೆಗೆ

ಮಾತು ಮುಗಿದ ಮೇಲೂ ದಿಗ್ಗೇವಾಡಿಯ ಸುಜಯಾ ಜಾಗ ಬಿಟ್ಟು ಕದಲುವುದಿಲ್ಲ. ಅಪ್ಪನ, ಮಂಡಿಯವರೆಗೆ ಇಳಿಯುವ ಹಳೆಯ ಕೋಟಿನೊಳಗೆ ಕೈ ಹುದುಗಿಸಿ, ಕತ್ತು ತುಸು ವಾಲಿಸಿ, ಎದುರಿನವರು ‘ಹೂಂ’ ಅನ್ನುವವರೆಗೆ ನಿಂತೇ ಇರುತ್ತಾಳೆ. ಕಾಯಿಪಲ್ಯೆ ಮಾರುವ ಕಸ್ತೂರೆವ್ವನಂತೂ ‘ಕೇಳಿಸ್ತ ಯವ್ವಾ, ಪಾವಕಿಲೋ ಮೆಣಸಿನಕಾಯಿ, ಹೂಂ’ ಎಂದು ಮೊದಲೇ ಒಪ್ಪಿಸಿಬಿಡುತ್ತಾಳೆ. ಊರು ನಗುತ್ತದೆ, ನಗಲಿ. ಈ ಚಟ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಹೊಳೆ ಕಲಿಸಿದ್ದು.

ಹುಟ್ಟಿನಿಂದ ಬಂದದ್ದು ಇದರ ತದ್ವಿರುದ್ಧ. ತಂದೆ ಶ್ರೀಪಾಲರದು ಊಟದ ಹೊತ್ತಿನಲ್ಲಿ ಮೌನವ್ರತ. ಏನಾದರೂ ಬೇಕಾದರೆ ತಾಟಿನ ಅಂಚನ್ನು ಬೆರಳಿನಿಂದ ತಟ್ಟುವರು, ತಟ್ಟದಿದ್ದರೆ ಎಲ್ಲವೂ ಸಾಕಾಗಿದೆಯೆಂದೇ ಅರ್ಥ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ ಸುಜಯಾ, ನೀರೊಳಗೆ ಶಬ್ದದಿಂದಲೇ ಒಂದಕ್ಕೊಂದು ಸುದ್ದಿ ಮುಟ್ಟಿಸುವ ಯಂತ್ರಗಳನ್ನು ಕೃಷ್ಣೆಯ ತಳದಲ್ಲಿ, ಮೇಲ್ಗಡೆಯಿಂದ ಊರಿನವರೆಗೆ ಸಾಲಾಗಿ ಇಳಿಸಿದಾಗ, ಅವಕ್ಕೂ ಮನೆಯ ಸಂಸ್ಕಾರವನ್ನೇ ಕೊಟ್ಟಳು: ಬ್ಯಾಟರಿ ಉಳಿಯಲಿ, ನೀರು ಏರಿದರೆ ಮಾತ್ರ ನುಡಿಯಿರಿ. ದಡದಲ್ಲಿಟ್ಟ ಒಂದು ಪೆಟ್ಟಿಗೆಯು ಆ ಸುದ್ದಿ ಹಿಡಿದು ಅವಳ ಫೋನಿಗೆ ಕಳಿಸುವುದು.

ಆ ಮಳೆಗಾಲದಲ್ಲಿ ಹೊಳೆ ಕೆಂಪಾಯಿತು. ದಡದಲ್ಲಿ ನೀರೆತ್ತುವ ಮೋಟಾರು ಇಟ್ಟಿದ್ದ ಕಬ್ಬಿನ ರೈತ ವಿರುಪಾಕ್ಷಪ್ಪ ಹಗ್ಗವನ್ನು ಹೆಗಲಿಗೇರಿಸಿಕೊಂಡೇ ಬಂದ.

‘ಮೋಟರ್ ಮ್ಯಾಲೆ ಎಳಕೊಳ್ಳಲೇನ್ ತಂಗಿ?’

‘ಬ್ಯಾಡ್ರಿ ಕಾಕಾ. ಮ್ಯಾಲ ನೀರ ಏರಿದ್ರ ಯಂತ್ರ ಹೇಳ್ತಾವ. ಎಲ್ಲಾ ಸುಮ್ನ ಅದಾವ.’

ಕಲಿತ ಹುಡುಗಿಯ ಮಾತೆಂದು ಆತ ಹಗ್ಗ ಸುತ್ತಿಟ್ಟು ಮನೆಗೆ ಹೋದ. ಯಂತ್ರಗಳು ಸುಮ್ಮನಿರಲಿಲ್ಲ, ಕೆಸರು ನೀರಿನ ಭೋರ್ಗರೆತದಲ್ಲಿ ಅವುಗಳ ಕೂಗು ಒಂದರಿಂದ ಇನ್ನೊಂದಕ್ಕೆ ಮುಟ್ಟಲೇ ಇಲ್ಲ. ಬೆಳಗಾಗುವುದರೊಳಗೆ ಮೋಟಾರು ಹೊಳೆಯ ಪಾಲಾಗಿತ್ತು.

ಈಗ ಪ್ರತಿ ಯಂತ್ರವೂ ಆಗಾಗ ‘ಇದ್ದೇನೆ’ ಎನ್ನಬೇಕು, ಪಕ್ಕದ್ದು ‘ಕೇಳಿತು’ ಎನ್ನಬೇಕು; ಉತ್ತರ ಬಾರದಿದ್ದರೆ ಅದೇ ಅಪಾಯದ ಸೂಚನೆ. ಯಂತ್ರ ತಿದ್ದುವುದು ಸುಲಭವಾಯಿತು. ನಾಚಿಕೆಯನ್ನು ತಿದ್ದುವ ವಿದ್ಯೆಯನ್ನು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಹೊಸ ಮೋಟಾರು ಕೊಡಿಸುತ್ತೇನೆಂದರೆ ವಿರುಪಾಕ್ಷಪ್ಪ ಬೇಡವೆಂದು ಕೈಯಾಡಿಸಿದ. ಸಂತೆಯ ದಿನ ಅವನ ಮನೆಗೆ ಹೋಗಿ, ನೆಲ ನೋಡುತ್ತ, ‘ತಪ್ಪಾತ್ರಿ ಕಾಕಾ. ಸಿಟ್ಟ ಇಳೀತೇನ್ರಿ?’ ಎನ್ನುತ್ತಾಳೆ. ಆತ ಚಹಾದ ಬಟ್ಟಲನ್ನು ಮುಂದೆ ಸರಿಸುತ್ತಾನೆ, ಮಾತಾಡುವುದಿಲ್ಲ. ಅವಳು ಕುಡಿದು, ಕಾದು, ಎದ್ದು ಬರುತ್ತಾಳೆ. ಮುಂದಿನ ಸಂತೆಗೆ ಮತ್ತೆ ಹೋಗುತ್ತಾಳೆ.

ಮೌನಂ ಸಮ್ಮತಿ ಲಕ್ಷಣಂ ಎಂದು ಲೋಕವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. ಒಮ್ಮೆ ಮೌನವನ್ನು ನಂಬಿ ಇನ್ನೊಬ್ಬರನ್ನು ಮುಳುಗಿಸಿದವರಿಗೆ ಆ ಸುಖವಿಲ್ಲ. ಕ್ಷಮೆ ಆ ಚಹಾದ ಬಟ್ಟಲಲ್ಲೇ ಇದ್ದರೂ, ಎದುರಿನವರು ಬಾಯಿಬಿಟ್ಟು ‘ಹೂಂ’ ಅನ್ನುವವರೆಗೆ ಇವರು ಅದನ್ನು ತಮ್ಮದೆಂದುಕೊಳ್ಳಲಾರರು.