ಸೊಸೆಯ ಮುಂದೆ ಪಾಪನಿವೇದನೆ

ಜಪಮಾಲಮ್ಮನಿಗೆ ಸೊಸೆಯ ಮೇಲೆ ಇದ್ದದ್ದು ಒಂದೇ ತಕರಾರು. ಪ್ರೇರಣಾ ಅಡುಗೆ ಚೆನ್ನಾಗಿ ಮಾಡುತ್ತಾಳೆ, ಎದುರು ಮಾತಾಡುವುದಿಲ್ಲ, ಎಲ್ಲ ಸರಿ. ಆದರೆ ಹೆಂಗಸಾಗಿ ಗುರುದೀಕ್ಷೆ ತೆಗೆದುಕೊಂಡು ಪಾದ್ರಿಯಾಗಿದ್ದಾಳೆ! ಹಾಸನದ ಕಡೆಯ ಹಳೇ ಕ್ಯಾಥೊಲಿಕ್ ಮನೆತನದ ಮುದುಕಿಗೆ ಇದು ಗಂಟಲಲ್ಲಿ ಇಳಿಯದ ತುತ್ತಾಗಿತ್ತು. ಗುರು ಎಂದರೆ ಗಂಡಸು, ಮದುವೆಯಾಗದವನು. ಪ್ರೇರಣಾಳದ್ದು ಧಾರವಾಡದ ಸಿಎಸ್‌ಐ ಸಭೆ, ಪ್ರಾಟೆಸ್ಟೆಂಟರದ್ದು. ಅಲ್ಲಿ ಹೆಂಗಸರೂ ಪಾದ್ರಿಗಳಾಗುತ್ತಾರೆ. ತನ್ನ ತಲೆಯ ಮೇಲೂ ಬಿಷಪ್ಪರೇ ಕೈಯಿಟ್ಟದ್ದು ಎಂದು ಅವಳು ಒಮ್ಮೆ ಹೇಳಿದಾಗ, ಆ ಬಿಷಪ್ಪರಿಗೇ ಹೆಂಡತಿ ಮಕ್ಕಳಿದ್ದಾರಲ್ಲ ಎಂದು ಅತ್ತೆ ಬಾಯಿ ಮುಚ್ಚಿಸಿದ್ದಳು.

ಗಂಡ ಅಶೋಕ ಬ್ಯಾಂಕಿನ ಅಧಿಕಾರಿ. ವರ್ಗವಾಗಿ ಮೊದಲು ವಿಶಾಖಪಟ್ಟಣ, ಈಗ ವಿಜಯವಾಡ. ಪ್ರೇರಣಾ ತನ್ನ ಸಭೆಯಿಂದ ರಜೆ ಪಡೆದು ಜೊತೆಗೆ ಬಂದಿದ್ದಳು, ಅತ್ತೆಯೂ ಅವರ ಜೊತೆಗೇ ಇದ್ದಳು. ವಿಜಯವಾಡದ ಪಟಮಟ ಬಡಾವಣೆಯ ತೆಲುಗು ಸಭೆಯಲ್ಲಿ ಅವಳು ಪಾದ್ರಿಯೆಂಬ ಸುದ್ದಿ ಹಬ್ಬಿದ್ದೇ ತಡ, ಜನ ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. ಅವಳನ್ನು ಅಮ್ಮಗಾರು ಎಂದರು, ಅಂದರೆ ಪಾದ್ರಿಯ ಹೆಂಡತಿ. ಅಶೋಕನನ್ನು ಅಯ್ಯಗಾರು, ಅಂದರೆ ಪಾದ್ರಿ, ಎಂದು ಪ್ರಾರ್ಥನೆಗೆ ತಲೆ ಬಗ್ಗಿಸಿದರು. ಗೃಹಸಾಲದ ಬಡ್ಡಿ ಬಿಟ್ಟು ಬೇರೇನೂ ಅರಿಯದ ಅಶೋಕ ಹೆಂಡತಿಯ ಮುಖ ನೋಡುತ್ತ ಬೆವರುತ್ತಿದ್ದ. ಅದಕ್ಕೆ ಅವಳು ನಗುತ್ತಿದ್ದಳು. ಮನೆಯಲ್ಲಿ ಮಾತ್ರ ನಗು ಬರುತ್ತಿರಲಿಲ್ಲ. ಅವಳು ಊಟದ ಪ್ರಾರ್ಥನೆ ಮುಗಿಸಿದ ಮೇಲೆ, ಆ ಪ್ರಾರ್ಥನೆ ದೇವರಿಗೆ ಮುಟ್ಟಲಿಲ್ಲವೇನೋ ಎಂಬಂತೆ, ಅತ್ತೆ ಮತ್ತೊಮ್ಮೆ ತನ್ನದನ್ನು ಹೇಳಿಯೇ ಅನ್ನಕ್ಕೆ ಕೈ ಹಾಕುತ್ತಿದ್ದಳು.

ವಿಶಾಖಪಟ್ಟಣದಲ್ಲಿದ್ದಾಗ ಅನು ಹುಟ್ಟಿದ್ದಳು, ತಿಂಗಳು ತುಂಬುವ ಮೊದಲೇ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವೇ ದಿನ ಉಸಿರಾಡಿದಳು. ಕೊನೆಯ ಬೆಳಿಗ್ಗೆ ಪ್ರೇರಣಾ ಜ್ವರದಲ್ಲಿ ಮಲಗಿದ್ದಳು. ಎದ್ದಾಗ ಎಲ್ಲ ಮುಗಿದಿತ್ತು. ಕರೆಯಲೂ ಪುರುಸೊತ್ತು ಸಿಗಲಿಲ್ಲ ಎಂದು ಅತ್ತೆ ಹೇಳಿದ್ದಳು. ಎಷ್ಟೋ ಮಕ್ಕಳ ಹಣೆಗೆ ದೀಕ್ಷಾಸ್ನಾನದ ನೀರು ಹಾಕಿದವಳಿಗೆ ಸ್ವಂತ ಮಗಳಿಗೆ ಹಾಕಲು ಆಗಲಿಲ್ಲ. ಹಾಳು ನಿದ್ದೆ ಅಂಥ ಹೊತ್ತಿಗೇ ಯಾಕೆ ಬಂತೆಂದು ಅವಳು ಅಂದಿನಿಂದ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ಈಗ ಜಪಮಾಲಮ್ಮನ ಸರದಿ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಪಾಪನಿವೇದನೆ ಕೇಳಲು ಊರಿನ ಫಾದರ್ ಬಂದರು, ಆದರೆ ಅವರಿಗೆ ಕನ್ನಡ ಬಾರದು. ಮಾತು ಬೇಡ, ಮನಸ್ಸಿನಲ್ಲೇ ಪಶ್ಚಾತ್ತಾಪ ಪಟ್ಟರೆ ಸಾಕು, ಕ್ಷಮೆ ಕೊಡುತ್ತೇನೆ ಎಂದರು. ಮುದುಕಿ ಒಪ್ಪಲಿಲ್ಲ, ಬಾಯಿಬಿಟ್ಟು ಹೇಳಲೇಬೇಕಾದದ್ದೊಂದಿದೆ ಎಂದು ಹಟ ಹಿಡಿದಳು. ಬೆಂಗಳೂರಿನಲ್ಲಿ ಓದಿ ಕನ್ನಡ ಕಲಿತ ಫಾದರೊಬ್ಬರು ವಿಶಾಖಪಟ್ಟಣದಲ್ಲಿದ್ದರು. ಪಾಪ, ಕೇಳಿದ ಕೂಡಲೇ ಹೊರಟರು. ಅವರನ್ನು ಕರೆತರಲು ಗನ್ನವರಂ ವಿಮಾನ ನಿಲ್ದಾಣಕ್ಕೆ ಹೋದ ಅಶೋಕ ವಿಮಾನ ತಡವೆಂದು ಫೋನ್ ಮಾಡಿದ. ಇಲ್ಲಿ ಉಸಿರು ಗಿಡ್ಡವಾಗುತ್ತಿತ್ತು.

“ನಿನ್ನ ಬಿಳೀ ಅಂಗಿ ಹಾಕ್ಕೊಂಡ್ ಬಾ,” ಎಂದಳು ಜಪಮಾಲಮ್ಮ. “ಫಾದರ್ ಬರೋಗಂಟ ನಾನಿರಲ್ಲ. ನೀನೇ ಕೇಳು.”

ಇದೊಂದು ಮಾತಿಗಾಗಿ ಪ್ರೇರಣಾ ಎಷ್ಟು ವರ್ಷ ಕಾದಿದ್ದಳೋ. ಎದೆ ತುಂಬಿ ಬಂತು. ಸಾಯುವವರ ಮುಂದೆ ಸಂತೋಷ ಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಸುಳ್ಳು ಹೇಳಲಾರದವಳು.

“ಅತ್ತಿ, ನಿಮ್ಮ ಸಭಾದಾಗ ನಾ ಗುರು ಅಲ್ರಿ. ನಾ ಕೇಳಿದ್ರ ಅದು ನಿಲ್ಲಂಗಿಲ್ಲ.”

“ಅದನ್ನ ದೇವರು ನೋಡ್ಕೊತಾನೆ. ಕೇಳಿದ್ದನ್ನ ಯಾರಿಗೂ ಹೇಳೋಹಾಗಿಲ್ಲ. ಅಶೋಕಂಗೂ.”

“ಹೇಳಂಗಿಲ್ರಿ.”

ಅವಳು ಪಾದ್ರಿಯ ನಿಲುವಂಗಿ ತೊಟ್ಟು, ಕೊರಳಿಗೆ ಸ್ಟೋಲಿನ ಉದ್ದ ಪಟ್ಟಿ ಹಾಕಿಕೊಂಡು ಮಂಚದ ಪಕ್ಕ ಕುಳಿತಳು. ಮುದುಕಿ ಮೊದಲು ಸಣ್ಣಪುಟ್ಟದ್ದನ್ನೆಲ್ಲ ಹೇಳಿದಳು: ನಾದಿನಿಯ ಜೊತೆ ಮುರಿದ ಮಾತು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಉಪವಾಸದಲ್ಲಿ ಕದ್ದು ತಿಂದ ಮಾಂಸ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

“ಅವತ್ತು ನಮ್ಮ ಕಡೆ ನರ್ಸು ಒಬ್ಳು ಓಡಿಬಂದು, ಮಗು ಉಳಿಯಲ್ಲ, ತಾಯಿನ ಕರೀರಿ ಅಂದ್ಲು. ಅವಳಿಗೆ ಜ್ವರ, ಎಬ್ಬಿಸಬೇಡ ಅಂದೆ. ನಾನೇ ಒಳಗೆ ಹೋದೆ.”

ಮಗು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂಬುದು ಕ್ಯಾಥೊಲಿಕ್ ಕ್ರಮ. ತಾಯಿ ಎದ್ದರೆ ತಾನೇ ಪಾದ್ರಿಯೆಂದು ನೀರು ಹಾಕುತ್ತಾಳೆ, ಅದು ನಿಲ್ಲುವುದಿಲ್ಲ, ಕೂಸು ಸ್ವರ್ಗ ಸೇರುವುದಿಲ್ಲ ಎಂದು ಜಪಮಾಲಮ್ಮ ಹೆದರಿದ್ದಳು. ಅದಕ್ಕೇ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ತಾನೇ ಬೆರಳದ್ದಿ ಹಣೆ ತೋಯಿಸಿದ್ದಳು. ಹೆಂಗಸಿನ ಕೈಯ ನೀರು ಬೇಡವೆಂದು ಒಬ್ಬ ಹೆಂಗಸು ಮಾಡಿದ ಕೆಲಸ ಇದು! ಯಾವ ಫಾದರನ್ನು ಕೇಳಿದ್ದರೂ ತಾಯಿ ಹಾಕಿದ ನೀರೂ ನಿಲ್ಲುತ್ತದೆ ಎನ್ನುತ್ತಿದ್ದರು. ಕೇಳಲಿಲ್ಲ.

“ಕಣ್ಣು ಬಿಟ್ಟು ನೋಡ್ತಿತ್ತು ಕಣವ್ವ. ಕರೆದಿದ್ರೆ ನಿನಗೆ ಸಿಗೋದು.”

ಪ್ರೇರಣಾಳಿಗೆ ನಿಲುವಂಗಿ ಕಿತ್ತೆಸೆದು ಆ ಮುದಿ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆದರೆ ಕೈ ತಾನಾಗಿ ಹೋಗಿ ಅತ್ತೆಯ ತಲೆಯ ಮೇಲೆ ಕೂತಿತು. ಕ್ಷಮೆಯ ಮಾತುಗಳನ್ನು ತಪ್ಪಿಲ್ಲದೆ ಹೇಳಿದಳು. ದೇವರು ಕ್ಷಮಿಸಿದ್ದಾನೆ ಎಂದಳು. ಅದನ್ನು ಅವಳು ನಂಬಿದ್ದಳು ಕೂಡ.

ಜಪಮಾಲಮ್ಮ ಮುಖ ಇತ್ತ ತಿರುಗಿಸಿದಳು. “ದೇವರು ಸರಿ. ನೀನು?”

ಹೌದು ಎನ್ನಲು ಬಾಯಿ ಬರಲಿಲ್ಲ. ಆ ಅಂಗಿ ತೊಟ್ಟು ಸುಳ್ಳಾಡುವುದು ಹೇಗೆ? ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಮುದುಕಿ ಕಣ್ಣು ಕೀಳದೆ ಕಾದಳು. ಹೊರಗೆ ಕಾರು ನಿಂತಿತು. ಫಾದರ್ ಒಳಬಂದು ಎಣ್ಣೆ ಹಚ್ಚಿ, ಸಾಯುವವರಿಗೆ ಕೊಡುವ ಅಭ್ಯಂಗ ಸಂಸ್ಕಾರ ನಡೆಸುವ ಹೊತ್ತಿಗೆ ರೋಗಿಗೆ ಪ್ರಜ್ಞೆ ಇರಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟಳು, ಉತ್ತರ ಸಿಗದೆ.

ನಡೆದದ್ದನ್ನು ಪ್ರೇರಣಾ ಫಾದರಿಂದ ಮುಚ್ಚಿಡಲಿಲ್ಲ. ಪಾಪನಿವೇದನೆ ಕೇಳಿದೆ ಎಂದಷ್ಟೇ ಹೇಳಿದಳು. ಅವರು ಅವಳ ನಿಲುವಂಗಿಯನ್ನು ನೋಡಿ, ಏನೋ ಹೇಳಹೋಗಿ, ಒಳ್ಳೆಯದಾಯಿತು ಸಿಸ್ಟರ್ ಎಂದರು.

ಎಲ್ಲರೂ ಹೊರಗೆ ಹೋದ ಮೇಲೆ ಅಶೋಕ ಹೆಂಡತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತ. ಅಮ್ಮ ಏನು ಹೇಳಿದಳೆಂದು ಕೇಳಿದ. ಹೇಳುವ ಹಾಗಿಲ್ಲ ಎಂದಳು.

“ಬೇಡ ಬಿಡು,” ಎಂದ ಅಶೋಕ. “ಅನು ಹೋಗೋವಾಗ ಅಮ್ಮ ಹತ್ತಿರ ಇದ್ದಳು, ಅಮ್ಮ ಹೋಗೋವಾಗ ನೀನಿದ್ದೆ. ಅಷ್ಟಾದರೂ ಆಯ್ತಲ್ಲ ಪ್ರೇರಣಾ.”

ಪ್ರೇರಣಾ ಹೌದೆಂದು ತಲೆಯಾಡಿಸಿದಳು.